ಡ್ರಾಯಿಂಗ್ ಹಾಲಿನ ಬಾಗಿಲು ದಾಟಿದ ಮಾತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದೊಂದು ದಿನ ಒಬ್ಬೊಬ್ಬರ ಮೇಲೆ ಆಗುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಹೊಳೆನರಸೀಪುರದಿಂದ ಬಸ್ಸು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಹುಡುಗರು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಮೇಡಂ ಅನ್ನುತ್ತಿದ್ದರು. ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ನಮ್ಮ ಬೀದಿಯಲ್ಲಿ, ದೇವಸ್ಥಾನದಿಂದ ನಾಲ್ಕು ಮನೆ ಆಚೆಗೆ, ಕಾಲುವೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಇಂಜಿನಿಯರ್ ಇದ್ದರು. ಇಡೀ ಬೀದಿಗೆ ಅವರು ಇಂಜಿನಿಯರ್ ಮಾಮ. ನೌಕರಿಯುದ್ದಕ್ಕೂ ಯಾರ ಮನೆಯ ಕಾಫಿಯನ್ನೂ ಕುಡಿಯದ ಮನುಷ್ಯ. ಅದಕ್ಕೇ ಎಲ್ಲೂ ನೆಲೆಯಾಗಿ ನಿಲ್ಲಲು ಬಿಡಲಿಲ್ಲ ಅವರನ್ನು. ಸಾಮಾನು ಬಿಚ್ಚುವುದರೊಳಗೆ ಇನ್ನೊಂದು ಊರಿಗೆ ಎತ್ತಿಹಾಕುತ್ತಿದ್ದರು. ನಿವೃತ್ತಿಯಾದ ಮೇಲೆ ಅವರೂ ಅವರಂಥವರೇ ಕೆಲವು ಮುದುಕರೂ ಸೇರಿ ಒಂದು ಟ್ರಸ್ಟ್ ಮಾಡಿದರು. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ನಡತೆ ಕಲಿಸುವುದು ಅದರ ಉದ್ದೇಶ. "ಲೆಕ್ಕ ಸರಿ ಬಂದ್ರೆ ಸಾಲದು ಕಣಮ್ಮಾ, ಲೆಕ್ಕ ಹಾಕಿದೋನು ಸರಿಯಾಗಿರಬೇಕು" ಅನ್ನುತ್ತಿದ್ದರು. ನಾನು ನಕ್ಕಿದ್ದೆ. ಮೊದಲು ಹಾಸ್ಟೆಲ್ಲಿನ ಸಾರಿಗೆ ಉಪ್ಪು ಸರಿ ಹಾಕಲಿ, ನಡತೆ ಆಮೇಲೆ ಬರುತ್ತದೆ ಅಂದಿದ್ದೆ.

ಆದರೂ ಬಿಡಲಿಲ್ಲ ಅವರು. ದಿನಾ ಸಂಜೆ ಬಸ್ ಸ್ಟಾಂಡಿನಲ್ಲಿ ನನಗಾಗಿ ಕಾದು ನಿಂತು, ನಿಮ್ಮ ಪ್ರಿನ್ಸಿಪಾಲರ ಹತ್ತಿರ ಒಂದು ಮಾತು ಕೇಳು ಅಂತ ಪ್ರಾಣ ತಿಂದರು. ಕೊನೆಗೆ ಕೇಳಿದೆ. ಶನಿವಾರ ಮಧ್ಯಾಹ್ನ ಡ್ರಾಯಿಂಗ್ ಹಾಲ್ ಖಾಲಿ ಇರುತ್ತದೆ, ಏನಾದರೂ ಮಾಡಿಕೊಳ್ಳಿ, ಗೋಡೆಗೆ ಮೊಳೆ ಹೊಡೆಯಬೇಡಿ ಅಂದರು ಪ್ರಿನ್ಸಿಪಾಲರು. ಹೀಗೆ ನಾನು ಆ ಟ್ರಸ್ಟಿನ ಸೇವಕಿಯಾದೆ. ಹಾಲಿನ ಬೀಗ ತೆಗೆಸುವುದು, ಡ್ರಾಯಿಂಗ್ ಬೋರ್ಡುಗಳನ್ನು ಮೂಲೆಗೆ ಸರಿಸಿ ಜಮಖಾನ ಹಾಸುವುದು, ಫ್ಲಾಸ್ಕಿನಲ್ಲಿ ಕಾಫಿ ಒಯ್ಯುವುದು, ಕಾರಿಡಾರಿನಲ್ಲಿ ತಪ್ಪಿಸಿಕೊಂಡು ಓಡುವ ಹುಡುಗರನ್ನು ಗದರಿಸಿ ಒಳಗೆ ತಳ್ಳುವುದು. ನಡತೆ ಕಲಿಸುವ ಕೆಲಸಕ್ಕೆ ನನ್ನ ಗದರಿಕೆಯೇ ಬೇಕಾಯಿತಲ್ಲ ಅಂತ ನನಗೇ ನಗು ಬರುತ್ತಿತ್ತು.

ಮೊದಮೊದಲು ಮಾಮ ಭಾಷಣ ಮಾಡಿದರು. ಸತ್ಯ, ನಿಷ್ಠೆ, ದೇಶ. ಹುಡುಗರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದರು. ಬಸ್ಸಿನಲ್ಲಿ ಬರುವಾಗ ನಾನು ನೇರವಾಗಿ ಹೇಳಿಬಿಟ್ಟೆ: "ಮಾಮಾ, ನೀವು ಹೀಗೇ ಮಾತಾಡಿದ್ರೆ ಮುಂದಿನ ವಾರ ನಾನೂ ಬರಲ್ಲ." ಅವರಿಗೆ ನೋವಾಯಿತು. ಊರು ಬರುವವರೆಗೂ ಕಿಟಕಿಯ ಆಚೆಗೆ ನೋಡುತ್ತಾ ಕೂತಿದ್ದರು. ಮುಂದಿನ ಶನಿವಾರ ಬಂದವರು ತಾವೇ ಜಮಖಾನದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ಹೊಸ ಪದ್ಧತಿಯೊಂದನ್ನು ಹೇಳಿದರು. ಎಲ್ಲರೂ ಸುತ್ತ ಕೂರಬೇಕು. ಆ ವಾರ ಓದಿನಲ್ಲೋ ಲ್ಯಾಬಿನಲ್ಲೋ ಕೆಲಸದಲ್ಲೋ ತಾನು ಹೇಳಿದ ಅಥವಾ ಮಾಡಿದ ಒಂದು ಸುಳ್ಳನ್ನು ಒಬ್ಬೊಬ್ಬರಾಗಿ ಹೇಳಬೇಕು. ಯಾರೂ ಬುದ್ಧಿ ಹೇಳಬಾರದು, ಯಾರೂ ನಗಬಾರದು. ಮತ್ತೆ ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಬಾರದು. ಈ ಕಡೆಯದನ್ನು ಎರಡೆರಡು ಸಲ ಹೇಳಿದರು. ತಮ್ಮದನ್ನೇ ಮೊದಲು ಹೇಳಿಕೊಂಡರು: ಬಿಪಿ ಮಾತ್ರೆ ನುಂಗಿದೆ ಅಂತ ಹೆಂಡತಿಗೆ ಹೇಳಿ ತುಳಸಿ ಗಿಡದ ಬುಡಕ್ಕೆ ಹಾಕಿದ್ದರಂತೆ. ನಗಬಾರದು ಅಂದಿದ್ದರೂ ಹಾಲೆಲ್ಲ ನಕ್ಕಿತು.

ಆಮೇಲೆ ಹುಡುಗರು ಬಾಯಿ ಬಿಟ್ಟರು. ಸೀನಿಯರ್ ರೆಕಾರ್ಡನ್ನು ತಪ್ಪುಗಳ ಸಮೇತ ಇಳಿಸಿದ್ದು, ಉತ್ತರ ಮೊದಲು ಬರೆದು ರೀಡಿಂಗ್ ಆಮೇಲೆ ಕೂರಿಸಿದ್ದು, ಸರ್ವೆ ಕ್ಯಾಂಪಿನಲ್ಲಿ ಗುಡ್ಡ ಹತ್ತದೆ ನೆರಳಲ್ಲಿ ಕೂತೇ ಎತ್ತರ ಅಳೆದದ್ದು. ಒಬ್ಬ ನನ್ನ ಕಡೆ ನೋಡಿಕೊಂಡು, "ಮೇಡಂ ಕ್ಲಾಸಲ್ಲಿ ಅರ್ಥ ಆಯ್ತಾ ಅಂದ್ರೆ ಆಯ್ತು ಅಂತೀನಿ ಸಾ, ಒಂದ್ ದಿನಾನೂ ಆಗಿಲ್ಲ" ಅಂದ. ಸಿಟ್ಟು ನೆತ್ತಿಗೇರಿತು, ಆದರೆ ನಿಯಮ ನಿಯಮ, ತುಟಿ ಕಚ್ಚಿಕೊಂಡು ಕೂತೆ. ಶನಿವಾರಕ್ಕೆ ನಾನೂ ಕಾಯುವ ಹಾಗಾಯಿತು. ಜನ ಹೆಚ್ಚಿದರು, ಒಂದು ಫ್ಲಾಸ್ಕ್ ಸಾಲದೆ ಇನ್ನೊಂದು ಕೊಂಡೆ.

ಆ ಗುಂಪಿನಲ್ಲಿ ಸಿವಿಲ್ ಮೂರನೇ ವರ್ಷದ ಒಬ್ಬ ಹುಡುಗಿ ಇದ್ದಳು. ಕೊಣನೂರಿನಿಂದ ಒಳಗೆ, ಕಾವೇರಿಯ ಹತ್ತಿರದ ಒಂದು ಹಳ್ಳಿಯವಳು. ಜಮೀನು ಚೆನ್ನಾಗಿರುವ ಮನೆ. ಅವಳಪ್ಪ ಬೇಸಾಯದ ಜೊತೆಗೆ ಸಣ್ಣಪುಟ್ಟ ಸರ್ಕಾರಿ ಕಟ್ಟಡಗಳ ಗುತ್ತಿಗೆ ಮಾಡುತ್ತಿದ್ದ. ಆ ಊರಿಂದ ಇಂಜಿನಿಯರಿಂಗಿಗೆ ಬಂದ ಮೊದಲ ಹೆಣ್ಣುಮಗಳು. ಪಾಠದಲ್ಲಿ ಚುರುಕು, ಮಾತಿನಲ್ಲಿ ಇಲ್ಲವೇ ಇಲ್ಲ. ತನ್ನ ಸರದಿ ಬಂದಾಗಲೆಲ್ಲ ತಲೆಯಾಡಿಸಿ ಪಕ್ಕದವಳಿಗೆ ದಾಟಿಸುತ್ತಿದ್ದಳು. ಒಂದು ಶನಿವಾರ ದಾಟಿಸಲಿಲ್ಲ.

ಅವಳು ಹೇಳಿದ್ದು ಅರ್ಥವಾಗಬೇಕಾದರೆ ಕ್ಯೂಬ್ ಅಂದರೇನು ಅಂತ ಹೇಳಬೇಕು. ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ ಅದೇ ಮಾಲನ್ನು ಒಂದಷ್ಟು ತೆಗೆದು ಕಬ್ಬಿಣದ ಅಚ್ಚುಗಳಿಗೆ ತುಂಬುತ್ತಾರೆ. ಗಟ್ಟಿಯಾದ ಮೇಲೆ ಆ ಚೌಕಗಳನ್ನು ವಾರಗಟ್ಟಲೆ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ನಮ್ಮಂಥ ಕಾಲೇಜಿನ ಲ್ಯಾಬಿಗೆ ತಂದು ಮಿಷನ್ನಿನಲ್ಲಿಟ್ಟು ಒಡೆಯುತ್ತಾರೆ. ಕ್ಯೂಬ್ ತಡೆದುಕೊಂಡರೆ ತಾರಸಿಯೂ ತಡೆದುಕೊಳ್ಳುತ್ತದೆ ಅಂತ ಲೆಕ್ಕ.

"ನಮ್ಮೂರ್ ಸ್ಕೂಲ್ ಬಿಲ್ಡಿಂಗ್ ನಮ್ಮಪ್ಪಂದೇ ಕೆಲ್ಸ ಸಾ" ಅಂದಳು ಮಾಮನ ಕಡೆ ನೋಡಿ. "ಕ್ಯೂಬು ಸೈಟಲ್ಲಿ ಹಾಕಲ್ಲ. ನಮ್ಮನೆ ಹಿತ್ಲಲ್ಲಿ ಬೇರೆ ಹಾಕ್ತಾರೆ. ಸಿಮೆಂಟ್ ಜಾಸ್ತಿ ಹಾಕಿ, ಜಲ್ಲಿ ತೊಳ್ದು. ದನ ನೀರು ಕುಡಿಯೋ ತೊಟ್ಟೀಲಿ ಮುಳುಗ್ಸಿ ಇಡ್ತಾರೆ. ನೀರು ಬದಲಾಯ್ಸೋಳು ನಾನೇ. ಹಸಿ ಇರೋವಾಗ ಮೊಳೇಲಿ ನಂಬರ್ ಗೀಚೋಳೂ ನಾನೇ, ನನ್ ಅಕ್ಷರ ಚೆಂದ ಅಂತ. ಅಪ್ಪನ್ ಬೇರೆ ಕೆಲ್ಸಗಳಿಗೂ ಪಿಯುಸಿಯಿಂದ್ಲೂ ಮಾಡ್ತಿದ್ದೆ. ಇಂಜಿನಿಯರ್ ಆಗೋಳು, ಇವಾಗ್ಲಿಂದ್ಲೇ ಕಲೀಲಿ ಅಂತ ಅಪ್ಪ ಎಲ್ರಿಗೂ ಹೇಳೋರು. ನಂಗೂ ಖುಷಿ ಆಗ್ತಿತ್ತು. ಬೇರೆ ಯಾಕೆ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ."

ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಈ ವಾರ ಲ್ಯಾಬಲ್ಲಿ ಮಿಷನ್ ಮೇಲೆ ಇಟ್ಟಿದ್ರಲ್ಲ, ಅದ್ರ ಮೇಲೆ ಇದ್ದಿದ್ದು ನನ್ ಅಕ್ಷರ. ಚೆನ್ನಾಗಿ ತಡ್ಕೊಂತು. ನೋಡ್ರೋ, ಮಾಲು ಅಂದ್ರೆ ಇಂಗಿರ್ಬೇಕು ಅಂದ್ರು ಮೇಷ್ಟ್ರು. ತಾರ್ಸಿಗೆ ಹಾಕಿರೋ ಮಾಲು ಅದಲ್ಲ ಸಾ. ನಾನು ಸ್ಕೂಲ್ ಹತ್ರ ಹೋಗಿ ನೋಡ್ದೆ. ಉಗುರಲ್ಲಿ ಕೆರೆದ್ರೆ ಉದುರ್ತದೆ. ನಮ್ ಚಿಕ್ಕಪ್ಪನ ಮಕ್ಳು ಅಲ್ಲೇ ಕೂತ್ಕೊಳ್ಳೋದು."

ರೆಕಾರ್ಡ್ ಕಾಪಿ ಹೊಡೆದ ಮಾತು ಕೇಳಿ ಕೇಳಿ ನಾವು ಸುಳ್ಳೆಂದರೆ ಅಷ್ಟೇ ಅಂದುಕೊಂಡಿದ್ದೆವೋ ಏನೋ. ಮಾಮ, "ಹೇಳಿದ್ದು ಒಳ್ಳೇದಾಯ್ತಮ್ಮ, ಕೂತ್ಕೋ" ಅಂದರು. ಅವಳು ಕೂತೇ ಇದ್ದಳು, ಪಾಪ.

ವಾಪಸ್ಸು ಬರುವ ಬಸ್ಸಿನಲ್ಲಿ ಜಗಳವಾಯಿತು. ಸೀಟು ಸಿಕ್ಕಿರಲಿಲ್ಲ, ಕಂಬಿ ಹಿಡಿದು ನಿಂತೇ ಜಗಳ. ಸೋಮವಾರವೇ ಶಾಲೆ ಕಟ್ಟಿಸುವ ಇಲಾಖೆಯ ಆಫೀಸಿಗೆ ಹೋಗುತ್ತೇನೆ ಅಂದರು ಮಾಮ. ಅಲ್ಲಿನ ದೊಡ್ಡ ಅಧಿಕಾರಿ ಒಂದು ಕಾಲಕ್ಕೆ ಅವರ ಕೈಕೆಳಗೆ ಇದ್ದವರಂತೆ.

"ಬಾಗಿಲು ದಾಟಬಾರದು ಅಂತ ಹೇಳಿದೋರು ಯಾರು ಮಾಮಾ?"

"ತಾರಸಿ ಕೆಳಗೆ ಮಕ್ಕಳು ಕೂರ್ತಾರೆ ಕಣಮ್ಮಾ. ನಾನು ಸುಮ್ಮನೆ ಊಟ ಮಾಡಿ ಮಲಗಲಾ?"

"ಹಾಗಾದ್ರೆ ಅವಳನ್ನ ಒಂದು ಮಾತು ಕೇಳಿ. ಅವಳೂ ಬರಲಿ, ಯೋಚನೆ ಮಾಡಿ ಹೋಗೋಣ."

"ಆ ಹುಡುಗಿ ಬಾಯಲ್ಲಿ ಅಪ್ಪನ ಮೇಲೆ ದೂರು ಹೇಳಿಸಲಾ? ಅದೇನು ಚೆನ್ನ? ನಾನು ಅವಳ ಹೆಸರೆತ್ತಲ್ಲ. ಕಾಲೇಜಿನ ಹೆಸರೂ ಎತ್ತಲ್ಲ."

ಅವರ ಮುಖ ನೋಡಿದರೆ ಎದುರಾಡುವ ಹಾಗಿರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ನನಗೂ ಕಾಣಲಿಲ್ಲ. ಮಕ್ಕಳ ತಲೆ ಮೇಲಿನ ತಾರಸಿ ಅಂದ ಮೇಲೆ ಯಾರು ತಾನೇ ಬೇಡ ಅಂದಾರು?

ಹೆಸರೆತ್ತಲಿಲ್ಲ ಅವರು. ಆ ಮಾತನ್ನು ಉಳಿಸಿಕೊಂಡರು. ಆದರೆ ಕೇಳಿದ್ದನ್ನು ಅರ್ಧ ಹೇಳುವುದು, ಒಂದಿಷ್ಟು ಬಚ್ಚಿಟ್ಟುಕೊಳ್ಳುವುದು, ಇವೆಲ್ಲ ಜೀವಮಾನದಲ್ಲಿ ಅಭ್ಯಾಸವಿರದ ಮನುಷ್ಯ. ಆ ಊರಿನ ಶಾಲೆಯ ಕ್ಯೂಬುಗಳು ಸೈಟಿನವಲ್ಲ, ಗುತ್ತಿಗೆದಾರನ ಮನೆಯ ಹಿತ್ತಲಿನವು, ದನದ ತೊಟ್ಟಿಯಲ್ಲಿ ಮುಳುಗಿಸಿಟ್ಟವು, ಬೇಕಾದರೆ ಹೋಗಿ ನೋಡಿ ಅಂತ ಒಂದಕ್ಷರ ಬಿಡದೆ ಒಪ್ಪಿಸಿ ಬಂದರು. ಅಧಿಕಾರಿ ಎದ್ದು ನಿಂತು ಕೈಮುಗಿದು, "ನೋಡ್ತೀನಿ ಸಾರ್" ಅಂದರಂತೆ. ಅಧಿಕಾರಿ ನೋಡಿದ್ದು ಗುತ್ತಿಗೆದಾರನನ್ನು ಮಾತ್ರ. ಜೀಪು ಕಳಿಸಿ ಕರೆಸಿ, ನಿಮ್ಮ ಮನೆ ತೊಟ್ಟಿಯ ವಿಷಯ ಹೊರಗೆ ಹೇಗೆ ಬಂತಪ್ಪಾ ಅಂತ ಕೇಳಿದರು. ದನದ ತೊಟ್ಟಿಯಲ್ಲಿ ಏನಿದೆ ಅಂತ ದನಕ್ಕೆ ಗೊತ್ತು, ಮನೆಯವರಿಗೆ ಗೊತ್ತು. ಹೆಸರು ಯಾಕೆ ಬೇಕು?

ಮುಂದಿನ ಶನಿವಾರ ಹುಡುಗಿ ಇರಲಿಲ್ಲ. ಹಾಸ್ಟೆಲ್ಲಿಗೆ ಹೋಗಿ ಕೇಳಿದೆ. ಅವರಪ್ಪ ಬಂದಿದ್ರು, ಟ್ರಂಕು ಹಾಸಿಗೆ ಎಲ್ಲಾ ಕಟ್ಟಿಸ್ಕೊಂಡು ಕರ್ಕೊಂಡು ಹೋದ್ರು ಅಂದಳು ವಾರ್ಡನ್. ಗಲಾಟೆ ಮಾಡಿದ್ರಾ ಅಂದೆ. ಇಲ್ಲ, ಒಂದ್ ಮಾತೂ ಆಡಲಿಲ್ಲ, ಅದಕ್ಕೇ ಭಯ ಆಯ್ತು ಅಂದಳು. ಡ್ರಾಯಿಂಗ್ ಹಾಲಿನಲ್ಲಿ ಹುಡುಗರು ಬಂದು ಕೂತರು. ಮಾಮ ಯಾರು ಶುರು ಮಾಡ್ತೀರಿ ಅಂದರು. ಯಾರೂ ಮಾಡಲಿಲ್ಲ. ಹಿಂದಿನಿಂದ ಒಬ್ಬ, "ಏನ್ಲಾ, ನೀನು ಯೋಳ್ಲಾ, ನಿಮ್ಮಪ್ಪನ್ ಮನೇಗೂ ಜೀಪು ಬರ್ಲಿ" ಅಂದ. ಕಿಸಕ್ಕನೆ ನಗು. ಹುಡುಗಿ ಯಾಕೆ ಬಂದಿಲ್ಲ ಅಂತ ಮಾಮನಿಗೆ ಆಗ ಗೊತ್ತಾಯಿತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ತಂದಿದ್ದ ಕಾಫಿಯನ್ನು ಯಾರೂ ಮುಟ್ಟಲಿಲ್ಲ.

ಪರೀಕ್ಷೆ ಹತ್ತಿರವಿತ್ತು. ಹಾಜರಾತಿಯ ವಿಷಯ ನಾನು ಹೇಗಾದರೂ ಪ್ರಿನ್ಸಿಪಾಲರ ಕಾಲು ಹಿಡಿದು ಸರಿಮಾಡಬಹುದಿತ್ತು. ಆದರೆ ಹುಡುಗಿ ಬಂದು ಕೂತು ಬರೆಯಬೇಕಲ್ಲ? ಈ ವರ್ಷ ಕೈಬಿಟ್ಟರೆ ಆ ಮನೆಯವರು ಅವಳನ್ನು ಮತ್ತೆ ಕಳಿಸುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಭಾನುವಾರ ಅರಕಲಗೂಡಿಗೆ ಹೋಗಿ, ಅಲ್ಲಿಂದ ಕೊಣನೂರಿನ ಬಸ್ಸು ಹಿಡಿದು, ಕೊಣನೂರಿನಿಂದ ಟೆಂಪೋದಲ್ಲಿ ಆ ಹಳ್ಳಿ ತಲುಪಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

ಅವಳಪ್ಪ ಜಗಲಿಯಲ್ಲಿ ಚಾಪೆ ಹಾಕಿಸಿ ಕೂರಿಸಿದ. ಹೆಂಡತಿಯನ್ನು ಕೂಗಿ ಕಾಫಿಗೆ ಹೇಳಿದ. ನಾನು ಅಂದುಕೊಂಡಿದ್ದ ಹಾಗೆ ಮೀಸೆ ತಿರುವುವ ಮನುಷ್ಯನಲ್ಲ. ಸೋತ ಮುಖ, ನಿದ್ದೆಯಿಲ್ಲದ ಕಣ್ಣು.

"ಮೇಡಂ, ನಾನು ಕಳ್ಳ ಅಂತ್ಲೇ ಇಟ್ಕಳಿ" ಅಂದ. "ಸೈಟಿನ್ ಮಾಲಲ್ಲೇ ಕ್ಯೂಬ್ ಆಕುದ್ರೆ ಪಾಸಾಗಾಕಿಲ್ಲ ಕಣಪ್ಪಾ, ಬ್ಯಾರೆ ಆಕ್ಸು ಅಂತ ಯೋಳಿದ್ದೇ ಇಲಾಖೆ ಇಂಜಿನಿಯರ್ರು. ಈ ತಾಲ್ಲೂಕಲ್ಲಿ ಎಲ್ರುದ್ದೂ ಇಂಗೇ ಆಗಾದು. ಅದುನ್ನ ಬುಡಿ. ನಾನು ಯಾರ್ ಮುಂದ್ಲೂ ತಲೆ ತಗ್ಸಿರ್ನಿಲ್ಲ. ಅವತ್ತು ಆಪೀಸ್ನಲ್ಲಿ ಎಲ್ರೂ ನಗ್ತಿದ್ರು ಮೇಡಂ. ನಿನ್ ಮಗ್ಳೇ ಯೋಳಿದ್ದಂತಲ್ಲಪ್ಪ ಅಂದ್ರು. ಮಗ್ಳುನ್ನ ಓದ್ಸಾಕ್ ಕಳ್ಸುದ್ರೆ ನನ್ ಮರ್ವಾದೆ ತಂದು ಬೀದೀಲಿ ಆಕ್ಬುಟ್ರಿ ನೀವು."

"ಅವಳು ಬೀದೀಲಿ ಹೇಳಿಲ್ಲಪ್ಪ. ನಮ್ಮನ್ನ ನಂಬಿ ಹೇಳಿದ್ದು. ತಪ್ಪು ನಮ್ಮದು, ಓದು ಯಾಕೆ ಬಿಡಿಸ್ತೀರಾ?"

ಒಳಗೆ ಬಾಗಿಲ ಹಿಂದೆ ಬಳೆ ಸದ್ದಾಯಿತು. ಅವಳೇ ಇರಬೇಕು. ಹೊರಗೆ ಬರಲಿಲ್ಲ.

"ಒಂದ್ ಕೆಲ್ಸ ಮಾಡ್ಲಿ ಆ ಯಜಮಾನ್ರು" ಅಂದ ಕೊನೆಗೆ. "ಯಾರೋ ಯೋಳಿದ್ ಮಾತು ಕೇಳ್ಕಂಡು ಬಂದಿದ್ದೆ, ಅದು ಸುಳ್ಳು ಅಂತ ಆಪೀಸ್ನಲ್ಲಿ ಯೋಳ್ಲಿ. ಸ್ಕೂಲ್ ಓಪನಿಂಗ್ ಅದೆ. ಅವತ್ತು ಬಂದು ಸ್ಟೇಜ್ ಮ್ಯಾಲೆ ಕೂತ್ಕಂಡು ಆರ ಆಕುಸ್ಕಳ್ಳಿ. ಊರೋರು ನೋಡ್ಲಿ. ಅವತ್ತೇ ಮಗ್ಳುನ್ನ ನಿಮ್ ಕೂಡೆ ಕಳ್ಸಿ ಕೊಡ್ತೀನಿ. ಈ ಕಾವೇರಮ್ಮನ ಆಣೆ."

ಊರಿಗೆ ಬಂದವಳು ಮನೆಗೂ ಹೋಗದೆ ಮಾಮನ ಮನೆಗೆ ಹೋದೆ. ಹೇಳಿದೆ. ಅವರು ನಾನು ಯಾವುದೋ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಅನ್ನುವ ಹಾಗೆ ನೋಡಿದರು.

"ಇದ್ದದ್ದನ್ನ ಇಲ್ಲ ಅನ್ನಬೇಕಾ ನಾನು?"

"ಹೌದು."

"ಆ ಮಕ್ಕಳು?"

"ಮಾಮಾ, ನೀವು ನಿಜ ಹೇಳಿದ್ದಕ್ಕೆ ಆ ತಾರಸಿಯಿಂದ ಒಂದು ಹಿಡಿ ಗಾರೆ ಆದ್ರೂ ಕೆರೆದು ನೋಡಿದ್ರಾ? ಅದು ಇದ್ದ ಹಾಗೇ ಇದೆ. ಹೋಗಿದ್ದು ಆ ಹುಡುಗಿ ಒಬ್ಬಳು. ಅವಳನ್ನಾದ್ರೂ ವಾಪಸ್ ತನ್ನಿ. ಜೀವನದಲ್ಲಿ ಒಂದು ಸುಳ್ಳು ಹೇಳಿ, ಏನೂ ಆಗಲ್ಲ." ನನ್ನ ದನಿ ಬೀದಿಗೆ ಕೇಳುತ್ತಿತ್ತು. ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲು ಮುಂದೆ ಮಾಡಿದರು.

ಅವರು ಹೋದರು. ಹೇಳಿದರು. ಅದೇ ಅಧಿಕಾರಿ ಹಾಗೇ ಎದ್ದು ಕೈಮುಗಿದು, ಇರಲಿ ಬಿಡಿ ಸಾರ್, ವಯಸ್ಸಾಯ್ತಲ್ಲ ಅಂದರಂತೆ. ಮನೆಗೆ ಬಂದ ಮಾಮ ಸಾವಿನ ಮನೆಯಿಂದ ಬಂದವರ ಹಾಗೆ ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡರು ಅಂತ ಅವರ ಹೆಂಡತಿ ಆಮೇಲೆ ಹೇಳಿದರು. ಆ ವಾರವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ನನಗೆ ಬೇಜಾರಾಗಲಿಲ್ಲ. ಹುಡುಗಿ ಬರುತ್ತಾಳಲ್ಲ, ಸಾಕು ಅಂದುಕೊಂಡೆ.

ಓಪನಿಂಗಿನ ದಿನ ಇಬ್ಬರೂ ಹೋದೆವು. ಹೊಸ ಸುಣ್ಣದ ವಾಸನೆ, ಬಾಗಿಲಿಗೆ ಮಾವಿನ ಸೊಪ್ಪು. ಹೊರಗೆ ಶಾಮಿಯಾನ ಹಾಕಿರಲಿಲ್ಲ. ಹೊಸ ಕೋಣೆಯೇ ದೊಡ್ಡದಾಗಿದ್ದರಿಂದ ಒಳಗೇ ಬೆಂಚು ಜೋಡಿಸಿ ಸ್ಟೇಜ್ ಮಾಡಿದ್ದರು. ಮುಂದೆ ನೆಲದ ಮೇಲೆ ಮಕ್ಕಳು, ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು ಬಂದವು. ಹಿಂದೆ ಊರವರು. ನಮ್ಮ ಹುಡುಗಿ ಮಕ್ಕಳ ಪಕ್ಕದಲ್ಲಿ, ಚಿಕ್ಕಪ್ಪನ ಪುಟ್ಟ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಕೂತಿದ್ದಳು. ಇಳಿದು ಹೋಗಿದ್ದಳು. ನನ್ನನ್ನು ನೋಡಿ ಒಂದಿಷ್ಟು ನಕ್ಕಳು. ಅವಳಮ್ಮ ನನ್ನ ಕಿವಿಯಲ್ಲಿ, "ಬ್ಯಾಗ್ ಕಟ್ಟಿ ಮಡ್ಗೀವ್ನಿ ಕಣ್ರವ್ವ, ಉಂಡ್ಕಂಡು ಒಂಟೋಗಿ, ಅವರ ಮನ್ಸು ಬದ್ಲಾಗಾದ್ರೊಳ್ಗೆ" ಅಂದಳು.

ಮಾಮನಿಗೆ ಸುಗಂಧರಾಜದ ಹಾರ ಹಾಕಿದರು. ಅವರು ಯಾರನ್ನೂ ನೋಡುತ್ತಿರಲಿಲ್ಲ. ತಲೆಯೆತ್ತಿ ತಾರಸಿಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ಬಿಳೀ ಸುಣ್ಣ ಬಳಿದ ತಾರಸಿ, ನನಗೇನು ತಿಳಿಯಬೇಕು? ಅವರಿಗೆ ಏನು ಕಂಡಿತೋ. ಮೇಷ್ಟ್ರು ಮೈಕಿನಲ್ಲಿ, ಈಗ ಹಿರಿಯರು ಮಕ್ಕಳಿಗೆ ಒಳ್ಳೆಯ ನಡತೆಯ ಬಗ್ಗೆ ಎರಡು ಮಾತು ಹೇಳಬೇಕು ಅಂದರು.

ಮಾಮ ಎದ್ದರು. ಮೈಕ್ ಹಿಡಿದು, "ಇಲ್ಲಿ ಬಹಳ ಸೆಕೆ. ಮಕ್ಕಳೆಲ್ಲ ಹೊರಗೆ ಮರದ ಕೆಳಗೆ ಕೂತರೆ ಚೆನ್ನಾಗಿರುತ್ತೆ. ಅಲ್ಲೇ ಮಾತಾಡೋಣ" ಅಂದರು. ಮುಂದೆ ಕೂತಿದ್ದ ಯಾರೋ, "ಲೋ, ಫ್ಯಾನ್ ಆಕ್ರುಲಾ ಯಜಮಾನ್ರಿಗೆ" ಅಂದರು. ಫ್ಯಾನ್ ತಿರುಗಿತು. ಮಾಮ ಫ್ಯಾನನ್ನು ನೋಡಿದರು, ಅದು ನೇತಾಡುತ್ತಿದ್ದ ಕೊಕ್ಕೆಯನ್ನು ನೋಡಿದರು. ನಾನು ಸ್ಟೇಜಿನ ಹತ್ತಿರ ಬಂದು ಅವರ ಪಂಚೆಯ ಅಂಚು ಹಿಡಿದು ಎಳೆದೆ. ಬೇಡ ಮಾಮಾ ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದೆ.

"ಈ ತಾರಸಿ ಕೆಳಗೆ ಮಕ್ಕಳನ್ನ ಕೂರಿಸಬೇಡಿ" ಅಂದರು ಮೈಕಿನಲ್ಲಿ. "ಎದ್ದೇಳಿ ಮಕ್ಕಳೇ. ಎಲ್ಲಾ ಆಚೆ ಬನ್ನಿ."

ಮಕ್ಕಳು ಮೇಷ್ಟ್ರ ಮುಖ ನೋಡಿದವು. ಮೇಷ್ಟ್ರು ಗುತ್ತಿಗೆದಾರನ ಮುಖ ನೋಡಿದರು. ಒಂದು ಮಗುವೂ ಏಳಲಿಲ್ಲ. ಅವಳಪ್ಪ ಹಾರದ ಬುಟ್ಟಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೆನ್ನೆಗೆ ಹೊಡೆಸಿಕೊಂಡವನ ಹಾಗಿತ್ತು. ಇಷ್ಟಕ್ಕೇ ನಿಂತಿದ್ದರೆ ಮುದುಕನಿಗೆ ತಲೆ ಕೆಟ್ಟಿದೆ ಅಂತ ನಕ್ಕು ಊಟಕ್ಕೆ ಏಳುತ್ತಿದ್ದರೋ ಏನೋ. ನಾನೇ ಹಾಗೆ ಹೇಳಿಬಿಡಬೇಕು ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹುಡುಗಿ ಎದ್ದಳು.

ಅವಳು ಯಾರನ್ನೂ ನೋಡಲಿಲ್ಲ. ತೊಡೆ ಮೇಲಿದ್ದ ಮಗುವನ್ನು ಸೊಂಟಕ್ಕೆ ಏರಿಸಿ, ಪಕ್ಕದ ಇನ್ನೊಂದರ ಕೈಹಿಡಿದು, ಅಪ್ಪ ನಿಂತಿದ್ದ ಬಾಗಿಲಲ್ಲೇ ಅವನನ್ನು ದಾಟಿಕೊಂಡು ಹೊರಗೆ ಹೋದಳು. ಅವಳ ಹಿಂದೆ ಒಂದು ಮಗು ಎದ್ದಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲ ಆಟಕ್ಕೆ ಬಿಟ್ಟಂತೆ ಕೂಗುತ್ತಾ ಓಡಿದವು. ಕೋಣೆಯಲ್ಲಿ ನಾವು ದೊಡ್ಡವರಷ್ಟೇ ಉಳಿದೆವು, ಫ್ಯಾನ್ ತಿರುಗುತ್ತಿತ್ತು. ನಮ್ಮನ್ನು ಯಾರೂ ಬೈಯಲಿಲ್ಲ, ಊಟಕ್ಕೂ ಕರೆಯಲಿಲ್ಲ. ಅವಳ ಮನೆಯ ಬಾಗಿಲು ತಟ್ಟಿದೆ, ತೆಗೆಯಲಿಲ್ಲ. ಟೆಂಪೋ ಬರುವವರೆಗೂ ನಾವಿಬ್ಬರೂ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಮಾಮನ ಕೊರಳಲ್ಲಿ ಹಾರ ಹಾಗೇ ಇತ್ತು. ನಾನೇ ಕಿತ್ತು ಬೇಲಿಗೆ ಎಸೆದೆ.

ಪರೀಕ್ಷೆಯ ಮೊದಲ ದಿನ ಅವಳು ಬರೆಯಬೇಕಿದ್ದ ಕೋಣೆಗೇ ಮೇಲ್ವಿಚಾರಣೆ ಹಾಕಿಸಿಕೊಂಡೆ. ಅವಳ ನಂಬರಿನ ಬೆಂಚಿನ ಮೇಲೆ ಪ್ರಶ್ನೆಪತ್ರಿಕೆ ಇಟ್ಟೆ. ಅರ್ಧ ಗಂಟೆ ಕಳೆದ ಮೇಲೆ ನಿಯಮದ ಪ್ರಕಾರ ವಾಪಸ್ಸು ತೆಗೆದುಕೊಂಡೆ. ಉಳಿದ ಪತ್ರಿಕೆಗಳಿಗೂ ಹಾಗೇ ಆಯಿತು. ಕೊಣನೂರಿನ ಕಡೆಯ ಹುಡುಗನೊಬ್ಬ ಹೇಳಿದ: ಓಪನಿಂಗ್ ಆದ ಸೋಮವಾರವೇ ಮಕ್ಕಳನ್ನು ಆ ಕೋಣೆಯೊಳಗೆ ಕೂರಿಸಿ ಪಾಠ ಶುರು ಮಾಡಿದರಂತೆ. ಟ್ರಸ್ಟಿಗೆ ಡ್ರಾಯಿಂಗ್ ಹಾಲ್ ಕೊಡುವುದನ್ನು ಕಾಲೇಜು ನಿಲ್ಲಿಸಿತು. ಮಾಮ ಬೇರೆ ಕಾಲೇಜುಗಳಲ್ಲಿ ಮತ್ತೆ ಸತ್ಯ, ನಿಷ್ಠೆ, ದೇಶ ಅಂತ ಭಾಷಣ ಮಾಡಿದರು, ಸುತ್ತ ಕೂತು ಮಾತಾಡುವುದನ್ನು ಮಾತ್ರ ಮಾಡಲಿಲ್ಲ. ನಾನು ವರ್ಷಕ್ಕೊಮ್ಮೆ ಚಂದಾ ಕೊಡುತ್ತಿದ್ದೆ, ಜೊತೆಗೆ ಹೋಗುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಆ ಹುಡುಗಿಯ ಮಾತು ಬಂದದ್ದು ಒಂದೇ ಸಲ. "ನಾನು ಸರಿಯಾಗಿ ಮಾಡಿದೆನಾ?" ಅಂದರು, ಹಾಸಿಗೆ ಹಿಡಿದಿದ್ದಾಗ. "ಮಾಡಿದ್ರಿ ಮಾಮಾ, ಹಾಳಾಗಿ ಹೋಗಲಿ, ಸರಿಯಾಗೇ ಮಾಡಿದ್ರಿ" ಅಂದೆ. ಅವರು ಹೋಗಿ ಈಗ ಬಹಳ ಕಾಲವಾಯಿತು.

ಎಷ್ಟೋ ವರ್ಷಗಳಾದ ಮೇಲೆ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವಾಗ, ಮಳೆ ಬಂತೆಂದು ಒಂದು ಕೊಬ್ಬರಿ ಮಂಡಿಯ ಮುಂದೆ ನಿಂತೆ. ಒಳಗೆ ತಕ್ಕಡಿಯ ಪಕ್ಕ ಕೂತಿದ್ದವಳು "ಮೇಡಂ" ಅಂತ ಎದ್ದು ಬಂದಳು. ಅವಳೇ. ಮಂಡಿ ಗಂಡನದಂತೆ. ಮೈ ತುಂಬಿಕೊಂಡಿದ್ದಳು. ಚೇರು ಹಾಕಿ ಕೂರಿಸಿ ಟೀ ತರಿಸಿದಳು. ಮಕ್ಕಳ ವಿಷಯ, ನನ್ನ ನಿವೃತ್ತಿಯ ವಿಷಯ ಆಯಿತು. ಮತ್ತೆ ಓದು ಮುಂದುವರಿಸಲಿಲ್ಲವಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಮಾತು ತೆಗೆದಳು.

"ಆ ಬಿಲ್ಡಿಂಗ್ ಇನ್ನೂ ಬಿದ್ದಿಲ್ಲ ಮೇಡಂ" ಅಂದಳು. "ಅಪ್ಪ ಬಂದಾಗ್ಲೆಲ್ಲ ಹೇಳ್ತಾರೆ. ನೋಡವ್ವಾ, ಗುಂಡ್ಕಲ್ ನಿಂತಂಗೆ ನಿಂತದೆ, ಅನ್ಯಾಯವಾಗಿ ನಮ್ ಮಾನ ಕಳ್ದೆ ಅಂತಾರೆ. ನನ್ ಗಂಡನ್ ಮುಂದೇನೇ ಹೇಳ್ತಾರೆ."

"ಹೋಗಲಿ ಬಿಡಮ್ಮ. ಬೀಳದೇ ಇದ್ರೆ ಒಳ್ಳೇದೇ ಅಲ್ವಾ" ಅಂದೆ.

ಅವಳು ಹೊರಗೆ ನೋಡಿದಳು. ಮಳೆ ಜೋರಾಗಿ ಹಿಡಿದಿತ್ತು, ಹೆದ್ದಾರಿಯ ಬಸ್ಸುಗಳು ದೀಪ ಹಾಕಿಕೊಂಡು ಬರುತ್ತಿದ್ದವು.

"ಒಳಗೆ ಮಕ್ಳಿರ್ತಾವೆ, ಗೊತ್ತು ಮೇಡಂ" ಅಂದಳು ಮೆಲ್ಲಗೆ. "ಆದ್ರೂ ಮಳೆ ಇಂಗೆ ಬಂದಾಗ್ಲೆಲ್ಲ ಬಿತ್ತು ಅಂತ ಊರಿಂದ ಫೋನ್ ಬರುತ್ತಾ ಅಂತ ಕಾಯ್ತೀನಿ."

ಹೇಳಿದ ತಕ್ಷಣ ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ನಾನು ಟೀ ಲೋಟ ಕೆಳಗಿಟ್ಟೆ. ಯಾರ ಹತ್ತಿರವೂ ಹೇಳಲ್ಲಮ್ಮ ಅಂದೆ.